ಕಾಲೇಜಿನ ಮಳೆಮಾಪಕ ಕಿತ್ತು ಬೈಕ್ ಪಾರ್ಕಿಂಗ್ ಮಾಡ್ತಾರಂತೆ, 22 ವರ್ಷದ ರಿಜಿಸ್ಟರ್ ಏನ್ ಮಾಡ್ಲಿ?

ಎಂಟೂವರೆ_ಮೇಡಂ
ಎಲ್ರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದಲು, ಉದ್ದ ಆದ್ರೆ ಬಯ್ಕೋಬೇಡಿ.

ಚಿತ್ರದುರ್ಗ ಜಿಲ್ಲೆಯ ಒಂದು ಊರಲ್ಲಿ ಡಿಗ್ರಿ ಕಾಲೇಜ್ ಲೆಕ್ಚರರ್ ನಾನು. ಓದಿದ್ದು ಎಂಎಸ್ಸಿ ಫಿಸಿಕ್ಸ್. 1997ರಲ್ಲಿ ಸೇರಿದಾಗ ಜಿಯಾಗ್ರಫಿ ಮೇಷ್ಟ್ರು ರಿಟೈರ್ ಆಗಿ ಆ ಪೋಸ್ಟ್ ಖಾಲಿ ಬಿದ್ದಿತ್ತು, "ಗಾಳಿ, ಒತ್ತಡ, ಶಾಖ ಎಲ್ಲ ಫಿಸಿಕ್ಸೇ ಅಲ್ವೇನಮ್ಮ" ಅಂತ ಕ್ಲೈಮಟಾಲಜಿ ಪೇಪರ್ ನನ್ನ ತಲೆಗೆ ಕಟ್ಟಿದ್ರು. ಒಂದು ವರ್ಷದ ಮಟ್ಟಿಗೆ ಅಂದಿದ್ರು. ಇವತ್ತಿಗೂ ನಾನೇ ಮಾಡ್ತಿದೀನಿ. ಆಮೇಲೆ ಅದೇ ಮ್ಯಾನೇಜ್‌ಮೆಂಟ್‌ನ ಬಿಎಡ್ ಕಾಲೇಜ್‌ಗೆ ವಾರಕ್ಕೆ ನಾಲ್ಕು ಪೀರಿಯಡ್, ವಿಜ್ಞಾನ ಬೋಧನೆ ಹೇಗೆ ಅಂತ ಪಾಠ.

2003ರಲ್ಲಿ ಸ್ವಲ್ಪ ಗ್ರಾಂಟ್ ಉಳಿದಿತ್ತು, ಒಂದು ಮಳೆಮಾಪಕ ತರಿಸಿದೆ. ಊರಿನ ಬಡಗಿ ಹತ್ರ ಥರ್ಮಾಮೀಟರ್ ಇಡೋ ಸ್ಟೀವನ್ಸನ್ ಪೆಟ್ಟಿಗೆ ಮಾಡಿಸಿದೆ, ಜಾಲರಿ ಥರ ಎರಡು ಪದರದ ಪಟ್ಟಿ, ಬಿಳಿ ಪೇಂಟು, ಬಾಗಿಲು ಉತ್ತರಕ್ಕೆ. "ಬಾಗಿಲು ಪೂರ್ವಕ್ಕಿಡ್ರಮ್ಮ ಒಳ್ಳೇದಾಗುತ್ತೆ" ಅಂತ ಆ ಪುಣ್ಯಾತ್ಮ ಹಠ ಹಿಡಿದಿದ್ದ, ಬೆಳಗ್ಗಿನ ಬಿಸಿಲು ನೇರವಾಗಿ ಥರ್ಮಾಮೀಟರ್ ಮೇಲೆ ಬೀಳುತ್ತೆ ಕಣಪ್ಪ ಅಂತ ಹೇಳಿ ಒಪ್ಪಿಸೋಕೆ ಅರ್ಧ ದಿನ ಹಿಡೀತು. ಅವತ್ತಿಂದ ಬೆಳಗ್ಗೆ 8:30ಕ್ಕೆ ರೀಡಿಂಗ್. ಹುಡುಗ್ರು ನನಗೆ ಎಂಟೂವರೆ ಮೇಡಂ ಅಂತಾನೇ ಹೆಸರಿಟ್ಟಿದಾರೆ.

ಬರೋ ಮೇ ತಿಂಗಳು ರಿಟೈರ್‌ಮೆಂಟ್. ಹೋದ ವಾರ ಮೀಟಿಂಗಲ್ಲಿ ಹೇಳಿದ್ರು, ಆ ಜಾಗ ಟೂ ವೀಲರ್ ಪಾರ್ಕಿಂಗ್‌ಗೆ ಬೇಕಂತೆ. "ಮೊಬೈಲಲ್ಲೇ ಬರುತ್ತಲ್ಲ ಮೇಡಂ ವೆದರ್ರು" ಅಂದ್ರು. ಜಗಳ ಆಡೋ ವಯಸ್ಸು ದಾಟಿದೆ. ಆದ್ರೆ 9 ದಪ್ಪ ರಿಜಿಸ್ಟರ್ ಇದಾವೆ ನನ್ನ ಬೀರುವಲ್ಲಿ. ಏನ್ ಮಾಡ್ಲಿ ಅವನ್ನ? ಯಾರಿಗಾದ್ರೂ ಉಪಯೋಗ ಇದ್ಯಾ, ಇಲ್ಲ ನಾನೇ ಸುಮ್ನೆ ಭ್ರಮೇಲಿದೀನಾ?

ಜಯನಗರದ_ಜಗಲಿ
ಮೇಡಂ ಕಣ್ಣಲ್ಲಿ ನೀರು ಬಂತು. ಕೀಳೋಕೆ ಬಿಡಬೇಡಿ!!

ನೇರ_ಮಾತು
ಬೇಜಾರಾಗಬೇಡಿ, ಒಂದು ಪ್ರಶ್ನೆ. ಈಗ ರಾಜ್ಯದಲ್ಲಿ ಗ್ರಾಮ ಪಂಚಾಯ್ತಿಗೊಂದರಂತೆ ಟೆಲಿಮೆಟ್ರಿಕ್ ಮಳೆಮಾಪಕ ಇದೆ, 15 ನಿಮಿಷಕ್ಕೊಂದ್ಸಲ ಡೇಟಾ ಯಲಹಂಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಹೋಗುತ್ತೆ, ರೈತರು ವರುಣಮಿತ್ರ ಸಹಾಯವಾಣಿಗೆ ಫೋನ್ ಹಚ್ಚಿ ಕೇಳ್ತಾರೆ. ಮೇಲಿಂದ ಸ್ಯಾಟಲೈಟ್ ಇದೆ. ಕೈಯಲ್ಲಿ ಬರೆದ ರಿಜಿಸ್ಟರ್ ಸೆಂಟಿಮೆಂಟ್ ಅಷ್ಟೇ ಅಲ್ವಾ? ಪಾರ್ಕಿಂಗೂ ಬೇಕಾದ್ದೇ.

ಧಾರವಾಡ_ಫೇಡೆ
ಹಂಗ್ಯಾಕ ಅಂತೀರಿ ಸಾಹೇಬ್ರ. ಆ ಟೆಲಿಮೆಟ್ರಿಕ್ ಮಷೀನ್ ಒಳಗ ಕಾಗಿ ಗೂಡು ಕಟ್ಟಿದ್ದು ನಾ ಕಣ್ಣಾರೆ ನೋಡೀನಿ. ಎಲಿ ಬಿದ್ದು ತೂತು ಮುಚ್ಚಿತಂದ್ರ ಮಳಿ ಜೋರ್ ಬಂದ್ರೂ ಸೊನ್ನಿ ತೋರಸ್ತದ. ಬಾಜೂಕ ಕೈಲೆ ಅಳಿಯೋ ಮಾಪಕ ಒಂದು ಇದ್ರ ತಪ್ಪು ಗೊತ್ತಾಗ್ತದ. ಎರಡೂ ಬೇಕ್ರೀ.

ಎಕ್ಸೆಲ್_ಏಕಲವ್ಯ
ನನ್ನ ಕೆಲಸಾನೇ ಡೇಟಾ, ಅದಕ್ಕೆ ಹೇಳ್ತೀನಿ ಕೇಳಿ. @ನೇರ_ಮಾತು, ಹೊಸ ಮಷೀನ್ ನಿನ್ನೆ ಮೊನ್ನೆಯ ಲೆಕ್ಕ ಕೊಡುತ್ತೆ, 2003ದು ಕೊಡಲ್ಲ. ಒಂದೇ ಜಾಗ, ಒಂದೇ ಹೊತ್ತು, ಒಂದೇ ಥರದ ಮಾಪಕ, 22 ವರ್ಷ. ಇದಕ್ಕೆ ಬೆಲೆ ಇದೆ.

ಇಂಗ್ಲೆಂಡ್‌ನ ರೀಡಿಂಗ್ ಯೂನಿವರ್ಸಿಟಿಯವರು 2020ರ ಲಾಕ್‌ಡೌನ್‌ನಲ್ಲಿ ಸ್ಕ್ಯಾನ್ ಆಗಿದ್ದ ಹಳೇ ಮಳೆ ದಾಖಲೆಗಳ 65,000ಕ್ಕೂ ಹೆಚ್ಚು ಹಾಳೆ ಆನ್‌ಲೈನಲ್ಲಿ ಹಾಕಿ, ಟೈಪ್ ಮಾಡ್ಕೊಡ್ರಪ್ಪ ಅಂತ ಜನಕ್ಕೆ ಕೇಳಿದ್ರು. ಮನೇಲಿ ಕೂತಿದ್ದ ಜನ 16 ದಿನದಲ್ಲಿ ಮುಗಿಸಿಬಿಟ್ರು. ಅದರಲ್ಲಿ ಬಹುಪಾಲು ಪಾದ್ರಿಗಳು, ಮೇಷ್ಟ್ರುಗಳು, ತೋಟದ ಮಾಲೀಕರು ಇಂಥೋರೇ ಬರೆದಿಟ್ಟಿದ್ದು.

ಮೇಡಂ, ಎರಡು ಪ್ರಶ್ನೆ. ಭಾನುವಾರ, ರಜಾದಿನ ಯಾರು ಓದ್ತಿದ್ರು? ಮಾಪಕದ ಜಾಗ ಯಾವಾಗಾದ್ರೂ ಬದಲಾಗಿದ್ಯಾ?

ಎಂಟೂವರೆ_ಮೇಡಂ
@ಎಕ್ಸೆಲ್_ಏಕಲವ್ಯ ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ಮೊದಲ ಎರಡು ವರ್ಷ ಭಾನುವಾರ ಓದಿಲ್ಲ, ಸೋಮವಾರ ಎರಡು ದಿನದ್ದು ಸೇರಿಸಿ ಬರೆದಿದೀನಿ, ಪಕ್ಕದಲ್ಲಿ ಕೆಂಪು ಇಂಕಲ್ಲಿ "2 ದಿನ" ಅಂತ ಇದೆ. ಆಮೇಲೆ ನಮ್ಮ ಅಟೆಂಡರ್ ಅಣ್ಣ ಕಾಲೇಜ್ ಹಿಂದೇನೇ ಮನೆ ಮಾಡಿದ್ರು, ಅವರೇ ಓದ್ತಿದ್ರು. ಏಳನೇ ಕ್ಲಾಸ್ ಓದಿರೋ ಮನುಷ್ಯ, ಒಂದು ದಿನಾನೂ ತಪ್ಪಿಸಿಲ್ಲ. ಕೊರೊನಾ ಟೈಮಲ್ಲಿ ಗೇಟ್ ಬೀಗ ಹಾಕಿದ್ರೂ ಕಾಂಪೌಂಡ್ ಹಾರಿ ಹೋಗಿ ಓದಿ ನನಗೆ ಫೋನ್ ಮಾಡೋರು. 2011ರಲ್ಲಿ ಪಕ್ಕದಲ್ಲಿ ಹೊಸ ಬಿಲ್ಡಿಂಗ್ ಎದ್ದಾಗ ಮಾಪಕಾನ 30 ಹೆಜ್ಜೆ ಆಚೆ ಇಟ್ವಿ, ಅದೂ ಬರೆದಿದೀನಿ.

ಎಕ್ಸೆಲ್_ಏಕಲವ್ಯ
ಕೆಂಪು ಇಂಕಲ್ಲಿ ಬರೆದಿದ್ದೇ ಚಿನ್ನ ಮೇಡಂ. ತಪ್ಪನ್ನ ಬರೆದಿಟ್ಟಿರೋ ಡೇಟಾ ನಂಬಬಹುದು. ಮೊದಲು ಪ್ರತಿ ಪುಟದ ಫೋಟೋ ತೆಗೀರಿ, ರಟ್ಟಿನ ಒಳಗಡೆ ಬರೆದಿರೋದೂ ಬಿಡಬೇಡಿ. ಟೈಪ್ ಮಾಡೋಕೆ ನಾನು ರೆಡಿ.

ಮೇಗರವಳ್ಳಿ_ಮಳೆ
ಚಿತ್ರದುರ್ಗದಲ್ಲಿ ಮಳೆಮಾಪಕ ಇಟ್ಕೊಂಡು ಏನ್ ಅಳೀತೀರಿ ಮಾರಾಯ್ರೆ, ಧೂಳಾ 😄 ನಮ್ಮ ಆಗುಂಬೆಗೆ ಬನ್ನಿ, ವರ್ಷಕ್ಕೆ 7,000 ಮಿಮೀ ಮೇಲೆ.

ಎಂಟೂವರೆ_ಮೇಡಂ
@ಮೇಗರವಳ್ಳಿ_ಮಳೆ ನಗಬೇಡಿ, ನಮ್ಮ ಬರಗಾಲದ ಪಾಠಕ್ಕೆ ನಿಮ್ಮೂರೇ ಉದಾಹರಣೆ. ಆಗುಂಬೆಯಿಂದ ನಮ್ಮ ಜಿಲ್ಲೆಯ ಚಳ್ಳಕೆರೆಗೆ ನೇರ ಗೆರೆ ಎಳೆದ್ರೆ 200 ಕಿಲೋಮೀಟರ್ ಒಳಗೇ. ಅಲ್ಲಿ 7,000, ಇಲ್ಲಿ 500ರ ಆಸುಪಾಸು. ಮೋಡ ಘಟ್ಟ ಹತ್ತುವಾಗ ತಣ್ಣಗಾಗಿ ಹೊಟ್ಟೆ ಖಾಲಿ ಮಾಡ್ಕೊಂಡು, ನಮ್ಮ ಕಡೆ ಇಳಿಯೋವಾಗ ಬಿಸಿಯಾಗಿ ಒಣಗಿ ಬರುತ್ತೆ. ಇದನ್ನ ಬೋರ್ಡ್ ಮೇಲೆ ಬಾಣ ಹಾಕಿ ಹೇಳಿದ್ರೆ ಹುಡುಗ್ರು ಆಕಳಿಸ್ತಾರೆ. "ನಿಮ್ಮ ಮಳೆ ಯಾರು ಕದ್ರು" ಅಂತ ಕೇಳಿದ್ರೆ ಎದ್ದು ಕೂತ್ಕೋತಾರೆ.

ಬಿಎಡ್_ಬ್ಯಾಚ್_2014
ಮೇಡಂ!! ನೀವೇನಾ?? ನಾನು ನಿಮ್ಮ ಸ್ಟೂಡೆಂಟ್, ಊದುಬತ್ತಿ ಬಾಟಲಿ ಪಾಠ ಮಾಡಿದ್ನಲ್ಲ ಅವನೇ.

ಬೇರೆಯವರಿಗೆ ಹೇಳ್ತೀನಿ. ಮೇಡಂ ನಮಗೆ ಮೊದಲನೇ ದಿನ ಕೇಳಿದ್ದು, "ಗುಡುಗು ಯಾಕೆ ಬರುತ್ತೆ?" 40 ಜನ ಬಿಎಸ್ಸಿ ಮಾಡಿದೋರು, ಅರ್ಧಕ್ಕೂ ಹೆಚ್ಚು ಜನ "ಮೋಡ ಮೋಡ ಡಿಕ್ಕಿ ಹೊಡೆದು" ಅಂದ್ವಿ. ಮೇಡಂ ಬೈಲಿಲ್ಲ. "ಹತ್ತಿಗೆ ಹತ್ತಿ ಡಿಕ್ಕಿ ಹೊಡೆದ್ರೆ ಸದ್ದು ಬರುತ್ತಾ" ಅಂತ ಕೇಳಿ ಸುಮ್ನೆ ನಿಂತ್ರು. ಎರಡು ನಿಮಿಷ ಯಾರೂ ಉಸಿರಿಲ್ಲ. ಮಿಂಚು ಹೋದ ದಾರೀಲಿ ಗಾಳಿ 30,000 ಡಿಗ್ರಿವರೆಗೂ ಕಾದು ಒಮ್ಮೆಲೇ ಹಿಗ್ಗೋದು, ಆ ಸದ್ದೇ ಗುಡುಗು ಅಂತ ಆಮೇಲೆ ನಾವೇ ಹುಡುಕ್ಕೊಂಡ್ವಿ. ಮಿಂಚು ಕಂಡು ಗುಡುಗು ಕೇಳೋವರೆಗೆ ಎಣಿಸಿ, 3 ಸೆಕೆಂಡಿಗೆ 1 ಕಿಲೋಮೀಟರ್ ದೂರ. ನನ್ನ ಮಗಳು ಈಗ ಹೆದರೋ ಬದಲು ಎಣಿಸ್ತಾಳೆ.

ಊದುಬತ್ತಿದು ಏನಂದ್ರೆ, 2 ಲೀಟರ್ ಬಾಟಲಿಗೆ ಸ್ವಲ್ಪ ಬಿಸಿನೀರು, ಊದುಬತ್ತಿ ಹೊಗೆ ಒಂಚೂರು, ಮುಚ್ಚಳ ಹಾಕಿ ಗಟ್ಟಿಯಾಗಿ ಹಿಸುಕಿ ಬಿಟ್ರೆ ಒಳಗೆ ಮೋಡ. ಹೊಗೆ ಹಾಕದೇ ಮಾಡಿದ್ರೆ ಮೋಡ ಸರಿಯಾಗಿ ಕಾಣಲ್ಲ, ನೀರಿನ ಆವಿ ಕೂತ್ಕೊಳ್ಳೋಕೆ ಕಣ ಬೇಕು. ನಾನು ಪ್ರಾಕ್ಟೀಸ್ ಟೀಚಿಂಗಲ್ಲಿ ಎಂಟನೇ ಕ್ಲಾಸಿಗೆ ಇದನ್ನ ಮಾಡಿದಾಗ ಒಬ್ಬ ಹುಡುಗ "ಹಂಗಾದ್ರೆ ನಮ್ಮ ದೇವ್ರ ಮನೇಲಿ ಯಾಕೆ ಮಳೆ ಬರಲ್ಲ ಸಾರ್" ಅಂದ. ಉತ್ತರ ಗೊತ್ತಾಗದೇ ಅವನನ್ನ ಕೂರಿಸಿದೆ. ಹಿಂದಿನ ಬೆಂಚಲ್ಲಿ ಕೂತು ನೋಡ್ತಿದ್ದ ಮೇಡಂ ನನ್ನ ಪಾಠದ ಟಿಪ್ಪಣಿ ಮೇಲೆ ಬರೆದಿದ್ದು ಒಂದೇ ಸಾಲು, "ಇಡೀ ಪೀರಿಯಡ್‌ನಲ್ಲಿ ಒಳ್ಳೇ ಪ್ರಶ್ನೆ ಕೇಳಿದವನನ್ನು ಕೂರಿಸಿದಿರಿ."

ಎಂಟೂವರೆ_ಮೇಡಂ
ಅಯ್ಯೋ ನೀನಾ! ಮಾರ್ಕ್ಸ್ ಚೆನ್ನಾಗೇ ಕೊಟ್ಟಿದ್ನಲ್ಲೋ.

ಜಯನಗರದ_ಜಗಲಿ
ಅದಿರ್ಲಿ, ದೇವ್ರ ಮನೇಲಿ ಯಾಕೆ ಮಳೆ ಬರಲ್ಲ? 🤔

ಬಿಎಡ್_ಬ್ಯಾಚ್_2014
ಹೊಗೆ ಇದೆ, ಆದ್ರೆ ಗಾಳಿ ಹಿಗ್ಗಿ ತಣ್ಣಗಾಗ್ತಿಲ್ಲ. ಬಾಟಲಿ ಬಿಟ್ಟಾಗ ಒಳಗಿನ ಗಾಳಿ ಹಿಗ್ಗಿ ತಣ್ಣಗಾಗುತ್ತೆ. ಹನ್ನೊಂದು ವರ್ಷ ತಡವಾಗಿ ಉತ್ತರ ಕೊಡ್ತಿದೀನಿ, ಆ ಹುಡುಗ ಎಲ್ಲಿದಾನೋ.

ಪಠ್ಯಪುಸ್ತಕ_ಪಂಡಿತ
ಪಾಠದ ವಿಷಯ ಬಂತಲ್ಲ. ಮುಂಗಾರು ಯಾಕೆ ಬರುತ್ತೆ ಅಂದ್ರೆ ಬೇಸಿಗೇಲಿ ನೆಲ ಸಮುದ್ರಕ್ಕಿಂತ ಬೇಗ ಕಾಯುತ್ತೆ, ಒತ್ತಡ ಕಡಿಮೆ ಆಗುತ್ತೆ, ಸಮುದ್ರದ ಗಾಳಿ ಒಳಗೆ ನುಗ್ಗುತ್ತೆ. ಇಷ್ಟೇ. ಮೂರು ಸಾಲಲ್ಲಿ ಮುಗಿಯೋದಕ್ಕೆ ಇಡೀ ಪೇಪರ್ ಬೇಕಾ?

ಎಂಟೂವರೆ_ಮೇಡಂ
@ಪಠ್ಯಪುಸ್ತಕ_ಪಂಡಿತ ನಾನೂ ಮೊದಲ ಐದಾರು ವರ್ಷ ಹಂಗೇ ಪಾಠ ಮಾಡಿದೆ. ಆ ವಿವರಣೆ 1686ರಲ್ಲಿ ಹ್ಯಾಲಿ ಕೊಟ್ಟಿದ್ದು, ಧೂಮಕೇತುವಿನ ಹ್ಯಾಲಿನೇ. ಒಬ್ಬ ಹುಡುಗಿ ನಮ್ಮ ರಿಜಿಸ್ಟರ್ ತಿರುವಿ ಹಾಕಿ ಕೇಳಿದ್ಲು, "ಮೇಡಂ, ನೆಲ ಜಾಸ್ತಿ ಕಾಯೋದು ಏಪ್ರಿಲ್ ಮೇ, ಮಳೆಗಾಲ ಜೂನ್ ಜುಲೈ. ಮಳೆ ಬರದ ವರ್ಷ ನೆಲ ಇನ್ನೂ ಜಾಸ್ತಿ ಕಾದಿರುತ್ತೆ. ಕಾಯೋದೇ ಕಾರಣ ಆಗಿದ್ರೆ ಬರಗಾಲದಲ್ಲೇ ಜಾಸ್ತಿ ಮಳೆ ಬರಬೇಕಿತ್ತಲ್ಲ?" ನನ್ನ ಹತ್ರ ಉತ್ತರ ಇರ್ಲಿಲ್ಲ. ನಾಳೆ ಹೇಳ್ತೀನಿ ಅಂದೆ, ಆ ನಾಳೆ ಬರೋಕೆ ಮೂರು ತಿಂಗಳು ಆಯ್ತು.

ಬೆಂಗಳೂರಿಗೆ ಹೋದಾಗ ಓದಿ ತಿಳ್ಕೊಂಡೆ. ನಮ್ಮ ಐಐಎಸ್ಸಿಯ ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ ಅವರು ಇದನ್ನೇ ಹೇಳ್ತಿದ್ದಿದ್ದು, ಮುಂಗಾರು ಅಂದ್ರೆ ದೊಡ್ಡ ಸೈಜಿನ ಕಡಲಗಾಳಿ ಅಲ್ಲ. ಸಮಭಾಜಕದ ಹತ್ರ ಭೂಮಿ ಸುತ್ತ ಒಂದು ಮಳೆಮೋಡದ ಪಟ್ಟಿ ಇದೆ, ಎರಡೂ ಕಡೆ ಗಾಳಿ ಬಂದು ಸೇರೋ ಜಾಗ, ಅದು ಸೂರ್ಯನ ಜೊತೆ ಉತ್ತರಕ್ಕೆ ವಲಸೆ ಬಂದು ನಮ್ಮ ಮೇಲೆ ಕೂರುತ್ತೆ, ಅದೇ ಮುಂಗಾರು. ನೆಲ ಕಾಯೋದು ಬೇಕು, ಆದ್ರೆ ಅಷ್ಟೇ ಸಾಲಲ್ಲ. ಪಾವಗಡದ ಕಡೆ ಶೇಂಗಾ ರೈತರ ಜೊತೆ ಕೂತು ಬಿತ್ತನೆ ಕಾಲದ ಬಗ್ಗೆ ಕೆಲಸ ಮಾಡಿದ್ರಲ್ಲ, ಅದೇ ಗಾಡ್ಗೀಳ್ ಮೇಡಂ.

ಪರೀಕ್ಷೇಲಿ ಪುಸ್ತಕದ ಉತ್ತರ ಬರೀರಿ, ಮನಸ್ಸಲ್ಲಿ ಇದನ್ನ ಇಟ್ಕೊಳ್ಳಿ ಅಂತ ಹೇಳ್ತೀನಿ ಹುಡುಗ್ರಿಗೆ. ಇದು ಸರಿಯಾ ತಪ್ಪಾ ಇವತ್ತಿಗೂ ನನಗೆ ಗೊತ್ತಿಲ್ಲ.

ಪಠ್ಯಪುಸ್ತಕ_ಪಂಡಿತ
ಮೇ-ಜುಲೈ ವಿಷಯ ಯಾವತ್ತೂ ಯೋಚಿಸಿರಲಿಲ್ಲ. ಆದ್ರೂ ಪುಸ್ತಕದ ಉತ್ತರ ಬರೀರಿ ಅನ್ನೋದು ಎರಡು ನಾಲಿಗೆ ಆಯ್ತು ಮೇಡಂ.

ಎಂಟೂವರೆ_ಮೇಡಂ
ಆಯ್ತು, ಒಪ್ಕೋತೀನಿ.

ತಿಥಿವಾರ_ನಕ್ಷತ್ರ
ವಿಜ್ಞಾನ ಎಲ್ಲ ಇರ್ಲಿ, ನಮ್ಮ ಹಿರಿಯರು ಮಾಪಕ ಇಲ್ದೇನೇ ಹೇಳ್ಬಿಟ್ಟಿದ್ರು. "ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ." ರೋಹಿಣಿ, ಮೃಗಶಿರ, ಮಘೆ, ಯಾವ ಮಳೆಗೆ ಏನು ಬಿತ್ತಬೇಕು ಅಂತ ಪ್ರತಿಯೊಂದಕ್ಕೂ ಗಾದೆ. ಇದನ್ನ ನಿಮ್ಮ ಕಾಲೇಜಲ್ಲಿ ಕಲಿಸ್ತೀರಾ?

ನೇರ_ಮಾತು
ಬಂದ್ರಪ್ಪ.

ಎಂಟೂವರೆ_ಮೇಡಂ
@ತಿಥಿವಾರ_ನಕ್ಷತ್ರ ಕಲಿಸ್ತೀನಿ, ಖಂಡಿತ. ಬಿಎಡ್ ಮಕ್ಕಳಿಗೆ ಕೊಡೋ ಒಳ್ಳೇ ಪ್ರಾಜೆಕ್ಟೇ ಅದು. ಮನೇಲಿ ಅಜ್ಜ ಅಜ್ಜಿ ಹತ್ರ ಗಾದೆ ಕೇಳ್ಕೊಂಡು ಬನ್ನಿ, ರಿಜಿಸ್ಟರಲ್ಲಿ ಆ ಹದಿಮೂರು ಹದಿನಾಲ್ಕು ದಿನದ ಮಳೆ ಕೂಡಿಸಿ ನೋಡಿ. ನಮ್ಮೂರಲ್ಲಿ ಆರಿದ್ರಾ ಕೈ ಕೊಡೋದೇ ಹೆಚ್ಚು. ನಮಗೆ ಜಾಸ್ತಿ ಮಳೆ ಸೆಪ್ಟೆಂಬರ್ ಅಕ್ಟೋಬರಲ್ಲಿ, ಉತ್ತರೆ, ಹಸ್ತ, ಚಿತ್ತ. ಗಾದೆ ಸುಳ್ಳು ಅಂತಲ್ಲ, ಅದು ಹುಟ್ಟಿದ ಊರು ಬೇರೆ ಇರಬೇಕು. ಮಲೆನಾಡಿನ ಗಾದೆ ಬಯಲುಸೀಮೆಗೆ ಬಂದ್ರೆ ಘಟ್ಟ ಇಳಿದ ಮೋಡದ ಥರಾನೇ, ಒಣಗಿರುತ್ತೆ.

ಸೊನ್ನೆ_ಡಿಗ್ರಿ
ಇನ್ನೊಂದು ಇದೆ. ಮಳೆ ನಕ್ಷತ್ರದ ಲೆಕ್ಕ ಸೂರ್ಯ ಆ ನಕ್ಷತ್ರಕ್ಕೆ ಬರೋದರ ಮೇಲೆ, ಋತು ನಡೆಯೋದು ಭೂಮಿಯ ವಾಲಿಕೆ ಮೇಲೆ. ಭೂಮಿ ಬುಗುರಿ ಥರ ತೂಗಾಡೋದ್ರಿಂದ 72 ವರ್ಷಕ್ಕೆ ಸುಮಾರು 1 ದಿನ ಎರಡಕ್ಕೂ ವ್ಯತ್ಯಾಸ ಬೀಳುತ್ತೆ. ಈಗ ಆರಿದ್ರಾ ಜೂನ್ 21-22ಕ್ಕೆ ಶುರು. 1,500 ವರ್ಷದ ಹಿಂದೆ ಇದೇ ಆರಿದ್ರಾ ಋತುವಿನ ಲೆಕ್ಕದಲ್ಲಿ ಮೂರು ವಾರ ಮುಂಚೆ ಬರ್ತಿತ್ತು. ಗಾದೆಗೂ ವಯಸ್ಸಾಗುತ್ತೆ ಸ್ವಾಮಿ.

ತಿಥಿವಾರ_ನಕ್ಷತ್ರ
ನಮ್ಮ ತಾತನ ಜಮೀನಿಗೆ 1,500 ವರ್ಷ ಆಗಿಲ್ಲ ಬಿಡಿ. ಆದ್ರೆ ಆ ಪ್ರಾಜೆಕ್ಟ್ ಚೆನ್ನಾಗಿದೆ ಮೇಡಂ, ನನ್ನ ಮಗನ ಶಾಲೇಲೂ ಮಾಡಿಸಬಹುದು.

ಕುಡ್ಲದ_ಕಡಲು
ಇದೆಲ್ಲ ಇರ್ಲಿ, ರೆಡ್ ಅಲರ್ಟ್ ಅಂತ ಡಿಸಿ ರಜೆ ಕೊಟ್ಟ ದಿನವೇ ಚಂದ ಬಿಸಿಲು ಬರುವುದು ಯಾಕೆ ಮಾರಾಯ್ರೆ? ರಜೆ ಇಲ್ಲದ ದಿನ ಮಕ್ಕಳು ಒದ್ದೆ ಮುದ್ದೆ.

ಎಂಟೂವರೆ_ಮೇಡಂ
@ಕುಡ್ಲದ_ಕಡಲು 😄 ಅಲರ್ಟ್ ಕೊಡೋದು ಇಡೀ ಜಿಲ್ಲೆಗೆ. 24 ಗಂಟೇಲಿ 204.5 ಮಿಮೀ ಅಥವಾ ಅದಕ್ಕಿಂತ ಜಾಸ್ತಿ ಬಿದ್ರೆ ಅತ್ಯಂತ ಭಾರಿ ಮಳೆ ಅಂತ ಐಎಂಡಿ, ಅಂದ್ರೆ ಭಾರತೀಯ ಹವಾಮಾನ ಇಲಾಖೆಯ ಲೆಕ್ಕ. ಸುಳ್ಯದಲ್ಲಿ ಅಷ್ಟು ಹೊಯ್ದು ನಿಮ್ಮ ಮನೆ ಮೇಲೆ ಬಿಸಿಲಿದ್ರೂ ಅದು ಸುಳ್ಳಾಗಲ್ಲ. 24 ಗಂಟೆ ಅನ್ನೋದೂ ಬೆಳಗ್ಗೆ 8:30ರಿಂದ ಮಾರನೇ ದಿನ 8:30ರವರೆಗೆ.

ಮಿಮೀ ಅಂದ್ರೆ ಏನು ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರಲ್ಲ. 1 ಚದರ ಮೀಟರ್ ಜಾಗಕ್ಕೆ 1 ಲೀಟರ್ ಬಿದ್ರೆ 1 ಮಿಮೀ. ಬೆಂಗಳೂರಿನ 30-40 ಸೈಟು ಅಂದ್ರೆ 111 ಚದರ ಮೀಟರ್, 10 ಮಿಮೀ ಮಳೆ ಬಿದ್ರೆ 1,100 ಲೀಟರ್ ಮೇಲೆ ನೀರು ಮೋರಿ ಸೇರಿತು ಅಂತ. ಇದನ್ನ ಕ್ಲಾಸಲ್ಲಿ ಲೆಕ್ಕ ಮಾಡಿಸಿದ್ರೆ ಮಕ್ಕಳು ಮನೆಗೆ ಹೋಗಿ ಅಪ್ಪನ ಜೊತೆ ಜಗಳಕ್ಕೆ ನಿಲ್ತಾರೆ.

ಜಯನಗರದ_ಜಗಲಿ
ಹೋದ ಬೇಸಿಗೇಲಿ ಟ್ಯಾಂಕರ್‌ಗೆ ಕೊಟ್ಟ ದುಡ್ಡು ನೆನೆಸ್ಕೊಂಡೆ, ಹೊಟ್ಟೆ ಉರೀತು.

ಪದ_ಪೋಲಿಸ್
ಎಲ್ರೂ ಹವಾಮಾನ ಹವಾಮಾನ ಅಂತಿದೀರಿ. ದಿನದಿನಕ್ಕೆ ಬದಲಾಗೋದು ಹವಾಮಾನ. ಹತ್ತಾರು ವರ್ಷದ ಸರಾಸರಿ ವಾಯುಗುಣ. ಪೇಪರ್‌ನವರು ಎರಡಕ್ಕೂ ಹವಾಮಾನ ಅಂತ ಬರೆದು ಬರೆದು "ನಿನ್ನೆ ಚಳಿ ಇತ್ತು, ಎಲ್ಲಿದೆ ಹವಾಮಾನ ಬದಲಾವಣೆ" ಅಂತ ಕೇಳೋರು ಹುಟ್ಕೊಂಡಿದಾರೆ. ವಾಯುಗುಣ ಬದಲಾವಣೆ ಅಂತ ಬರೀರಿ ಅಂತ ಎಷ್ಟು ಸಲ ಹೇಳೋದು.

ಧಾರವಾಡ_ಫೇಡೆ
ನಮ್ಮಜ್ಜಿ ಎರಡಕ್ಕೂ "ಹವಾ" ಅಂತಿದ್ಲು. ಈ ಹವಾ ನನಗ ಒಗ್ಗಂಗಿಲ್ಲ ಅಂದ್ರ ವಾಯುಗುಣ, ಇವತ್ತ ಹವಾ ಛಲೋ ಐತಿ ಅಂದ್ರ ಹವಾಮಾನ. ಮುಗೀತಲ್ಲ.

ಅತಿಥಿ_ದೇವೋ_ಭವ
ನಾನು ಅತಿಥಿ ಉಪನ್ಯಾಸಕ, ಹೆಸರಲ್ಲೇ ಗೊತ್ತಾಗುತ್ತೆ. ಮೇಡಂ ಕತೆ ಚೆನ್ನಾಗಿದೆ, ಆದ್ರೆ ಇದನ್ನ ಓದಿ ಹವಾಮಾನ ಶಾಸ್ತ್ರ ಕಲಿಸ್ತೀನಿ ಅಂತ ಹೊರಡೋ ಹುಡುಗರಿಗೆ ಒಂದು ಮಾತು. ನಾನು ಕೊಚ್ಚಿಗೆ ಹೋಗಿ ಕುಸಾಟ್ ಯೂನಿವರ್ಸಿಟೀಲಿ ಮೀಟಿಯರಾಲಜಿ ಎಂಎಸ್ಸಿ ಮಾಡ್ಕೊಂಡು ಬಂದೆ. ಊರಿಗೆ ವಾಪಸ್ ಬಂದ್ರೆ ಯಾವ ಡಿಗ್ರಿ ಕಾಲೇಜಲ್ಲೂ ಆ ಹೆಸರಿನ ಪೋಸ್ಟ್ ನಾನು ನೋಡಿಲ್ಲ, ಜಿಯಾಗ್ರಫಿ ಒಳಗೆ ಒಂದು ಪೇಪರ್ ಅಷ್ಟೇ. ನಿಮ್ಮ ಎಂಎಸ್ಸಿ ಜಿಯಾಗ್ರಫಿ ಅಲ್ವಲ್ಲ ಅಂತಾರೆ. ವರ್ಷಾ ವರ್ಷ ಕೌನ್ಸೆಲಿಂಗು, ರಜೆ ತಿಂಗಳು ಸಂಬಳ ಇಲ್ಲ. ಜೊತೆಗೆ ಓದಿದವರೆಲ್ಲ ಪುಣೆ, ದೆಹಲಿ ಅಂತ ಸೆಟ್ಲ್ ಆದ್ರು. ನನಗೆ ಹುಚ್ಚು, ಕನ್ನಡದಲ್ಲಿ ಪಾಠ ಮಾಡಬೇಕು ಅಂತ.

ಎಂಟೂವರೆ_ಮೇಡಂ
@ಅತಿಥಿ_ದೇವೋ_ಭವ ನಿಮ್ಮ ಮಾತಿಗೆ ನನ್ನ ಹತ್ರ ಸಮಾಧಾನ ಇಲ್ಲ. ನನಗೆ ಪರ್ಮನೆಂಟ್ ಕೆಲಸ ಇತ್ತು, ಅದಕ್ಕೇ 8:30ಕ್ಕೆ ಹೋಗಿ ನಿಲ್ಲೋಕೆ ಆಯ್ತು. ಇಲ್ದಿದ್ರೆ ಬಸ್ ಹಿಡ್ಕೊಂಡು ಇನ್ನೊಂದು ಕಾಲೇಜಿಗೆ ಓಡ್ತಿದ್ದೆ.

ಅಮ್ಮನ_ಲ್ಯಾಬ್
ಅತಿಥಿಯವರೇ, ಹವಾಮಾನ ವಿಜ್ಞಾನಿ ಅನ್ನಾ ಮಣಿ ಬಗ್ಗೆ ಓದಿ. ಬೆಂಗಳೂರಲ್ಲಿ ಸಿ.ವಿ. ರಾಮನ್ ಲ್ಯಾಬಲ್ಲಿ ವಜ್ರ, ಮಾಣಿಕ್ಯದ ಮೇಲೆ ಕೆಲಸ ಮಾಡಿ ಥೀಸಿಸ್ ಬರೆದು ಕೊಟ್ರು, ಎಂಎಸ್ಸಿ ಇಲ್ಲ ಅಂತ ಪಿಎಚ್‌ಡಿ ಕೊಡಲಿಲ್ಲ. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ಹೊರದೇಶದಿಂದ ತರಿಸ್ತಿದ್ದ ಉಪಕರಣಗಳನ್ನ ಇಲ್ಲೇ ಮಾಡೋ ಹಾಗೆ ಮಾಡಿದ್ರು.

ಅತಿಥಿ_ದೇವೋ_ಭವ
ಓದಿದೀನಿ ಅಕ್ಕ. ಅವರಿಗೆ ಸಂಬಳ ಬರ್ತಿತ್ತು.

ಡೆನ್ವರ್_ದೋಸೆ
ಕೊಲರಾಡೋದಿಂದ ಬರೀತಿದೀನಿ. ಇಲ್ಲಿ ಫೋರ್ಟ್ ಕಾಲಿನ್ಸ್ ಅನ್ನೋ ಊರಲ್ಲಿ 1997ರಲ್ಲಿ ಭಯಂಕರ ಪ್ರವಾಹ ಬಂತು. ಊರಿನ ಒಂದು ಮೂಲೇಲಿ ಆಕಾಶ ಹರಿದ ಹಾಗೆ ಮಳೆ, ಇನ್ನೊಂದು ಮೂಲೇಲಿ ಬರೀ ತುಂತುರು. ಸರ್ಕಾರಿ ಮಾಪಕಗಳು ಅಲ್ಲಲ್ಲಿ ಒಂದೊಂದು ಇದ್ದಿದ್ದಕ್ಕೆ ಎಲ್ಲಿ ಎಷ್ಟು ಬಿತ್ತು ಅಂತ ಸರಿಯಾಗಿ ತಿಳೀಲೇ ಇಲ್ಲ. ಮಾರನೇ ವರ್ಷ ಅಲ್ಲಿನ ಯೂನಿವರ್ಸಿಟಿಯವರು ಜನರಿಗೇ 4 ಇಂಚಿನ ಪ್ಲಾಸ್ಟಿಕ್ ಮಾಪಕ ಹಾಕ್ಕೊಳ್ಳಿ ಅಂತ ಶುರು ಮಾಡಿದ್ರು, ಈಗ ದೇಶದ ತುಂಬ ಸಾವಿರಾರು ಮನೆ ಹಿತ್ತಲಲ್ಲಿ ಇದೆ. ನಮ್ಮನೇಲೂ ಒಂದಿದೆ, ನನ್ನ ಮಗ ಶಾಲೆಗೆ ಹೋಗೋ ಮುಂಚೆ ಓದಿ ಹಾಕ್ತಾನೆ. ಮೇಡಂ, ಕಾಲೇಜಲ್ಲಿ ಜಾಗ ಇಲ್ದಿದ್ರೆ ಯಾರದಾದ್ರೂ ಹಿತ್ತಲು?

ಎಂಟೂವರೆ_ಮೇಡಂ
ಹಿತ್ತಲು ಅಂದಿದ್ದಕ್ಕೆ ಹೊಳೀತು. ನಿನ್ನೆ ಸಂಜೆ ಅಟೆಂಡರ್ ಅಣ್ಣನ ಹತ್ರ ವಿಷಯ ಹೇಳಿದೆ. "ನಮ್ಮ ಮನೆ ಮುಂದೆ ಇಕ್ಕೊಳ್ಳಾಣ ಬಿಡಮ್ಮ, ತೆಂಗಿನ ಮರ ಒಂದು ಅಡ್ಡ ಐತೆ ಅಷ್ಟೇ" ಅಂದ್ರು.

ಎಕ್ಸೆಲ್_ಏಕಲವ್ಯ
ಮರದಿಂದ ಮಾಪಕಕ್ಕೆ ದೂರ ಮರದ ಎತ್ತರದ ಎರಡರಷ್ಟಾದ್ರೂ ಇರಲಿ. ಹಳೇ ಜಾಗದಲ್ಲೂ ಹೊಸ ಜಾಗದಲ್ಲೂ ಒಂದು ಮಳೆಗಾಲ ಎರಡೂ ಕಡೆ ಓದೋಕಾದ್ರೆ ಬಹಳ ಒಳ್ಳೇದು, ಹೋಲಿಸಿ ನೋಡಬಹುದು. ಪಾರ್ಕಿಂಗ್ ಕೆಲಸ ಯಾವಾಗ ಶುರು?

ಎಂಟೂವರೆ_ಮೇಡಂ
ಟೆಂಡರ್ ಆಗಿಲ್ಲ ಇನ್ನೂ. ನಮ್ಮ ಮ್ಯಾನೇಜ್‌ಮೆಂಟ್ ಸ್ಪೀಡ್ ನೋಡಿದ್ರೆ ಎರಡು ಮಳೆಗಾಲ ಸಿಗುತ್ತೆ. ಆದ್ರೆ ಎರಡನೇ ಮಾಪಕದ ಅಳತೆ ಜಾರ್ ಒಡೆದಿದೆ. ಅಂಗಡೀಲಿ ಕೇಳಿದ್ರೆ ಮಳೆಮಾಪಕದ ಜಾರ್ ಅಂತ ಒಂದು ಕೊಟ್ಟ, 200 ಚದರ ಸೆಂಟಿಮೀಟರ್ ಅಂತ ಬರೆದಿದೆ ಅದರ ಮೇಲೆ. ನಮ್ಮದು ಹಳೇ ಸೈಮನ್ಸ್ ಮಾದರಿ ಮಾಪಕ, ಬಾಯಿಯ ಅಗಲ 127 ಮಿಮೀ.

ಸೊನ್ನೆ_ಡಿಗ್ರಿ
ಬೇಡ ಬೇಡ, ವಾಪಸ್ ಕೊಡಿ! ಆ ಜಾರ್ 200 ಚದರ ಸೆಂಟಿಮೀಟರ್ ಬಾಯಿಯ ಮಾಪಕಕ್ಕೆ, 127 ಮಿಮೀ ಬಾಯಿ ಅಂದ್ರೆ 126.7 ಚದರ ಸೆಂಟಿಮೀಟರ್. ಆ ಜಾರಲ್ಲಿ ಅಳೆದ್ರೆ 100 ಮಿಮೀ ಮಳೆ ಬರೀ 63 ಅಂತ ತೋರಿಸುತ್ತೆ. ಕೆಮಿಸ್ಟ್ರಿ ಲ್ಯಾಬಿಂದ ಸಾದಾ ಮಿಲಿಲೀಟರ್ ಸಿಲಿಂಡರ್ ತಗೊಳ್ಳಿ, ಬಂದಿದ್ದನ್ನ 12.67ರಿಂದ ಭಾಗಿಸಿ, ಅದೇ ಮಿಮೀ.

ಎಂಟೂವರೆ_ಮೇಡಂ
ಕೆಮಿಸ್ಟ್ರಿಯವರು ಕೊಡಲ್ಲ, 2009ರಲ್ಲಿ ತಗೊಂಡಿದ್ದೇ ವಾಪಸ್ ಕೊಟ್ಟಿಲ್ಲ ನಾನು. ಬೀರು ಹುಡುಕ್ತೀನಿ.